ಹಲ್ಲಿಗೆ ಕೇಳಿಸಿದ ನಾದ

ಲಿಂಗರಾಜಪುರದ ಆ ಮನೆಗೆ ನಾವು ಬಂದಾಗ ನನಗೆ ಇಪ್ಪತ್ತಾರು ವರ್ಷ. ತೊಂಬತ್ತರ ದಶಕದ ನಡುವಿನ ಮಾತು. ನಮ್ಮವರು ಕೆ.ಆರ್. ಪುರದ ಆಚೆ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುತ್ತಿದ್ದರು. ನಾನು ಹತ್ತಿರದ ಒಂದು ಜೂನಿಯರ್ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರ್. ಇಬ್ಬರೂ ಗುಲಬರ್ಗಾ ಕಡೆಯವರು. ಮದುವೆಯಾದ ಮೇಲೆ ಬೆಂಗಳೂರಿಗೆ ಬಂದು, ಎರಡು ವರ್ಷ ಬೈಯಪ್ಪನಹಳ್ಳಿಯ ಒಂದೇ ಕೋಣೆಯಲ್ಲಿ ಕಳೆದು, ಆಮೇಲೆ ಈ ಮನೆ ಹಿಡಿದಿದ್ದೆವು. ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಬಟ್ಟೆ ಒಣಹಾಕುವಷ್ಟು ಜಾಗ. ಕೆಳಗಿನ ಮನೆಯಲ್ಲಿ ತಮಿಳು ಮಾತಾಡುವ ವಯಸ್ಸಾದ ಗಂಡ ಹೆಂಡತಿ.

ಬಂದ ಎರಡನೆಯ ದಿನವೇ ಆ ಸದ್ದು ಕೇಳಿಸಿತು. ಸಂಜೆ ಐದರ ಹೊತ್ತು. ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಕೆಳಗಿನಿಂದ ಒಂದು ಸ್ವರ ಎದ್ದಿತು. ದಪ್ಪ ಸ್ವರ, ಸ್ವಲ್ಪ ನಡುಗುತ್ತಿತ್ತು. ನಾಲ್ಕು ಎಣಿಸುವಷ್ಟು ಹೊತ್ತು ನಿಂತು ಪುಸ್ಸೆಂದು ಗಾಳಿಯಾಗಿ ಹೋಯಿತು. ಮತ್ತೆ ಅದೇ ಸ್ವರ, ಮತ್ತೆ ಗಾಳಿ. ಅರ್ಧ ಗಂಟೆ ಅದೊಂದೇ. ಹಾಡು ಬರಲಿಲ್ಲ, ಪಕ್ಕದ ಸ್ವರವೂ ಬರಲಿಲ್ಲ.

ಮರುದಿನವೂ ಅದೇ ಹೊತ್ತಿಗೆ ಅದೇ ಸ್ವರ. ಹೀಗೇ ಒಂದು ವಾರ.

"ಕೆಳಗ ಯಾರೋ ಕಲಿಯಾಕ ಹತ್ಯಾರ," ಎಂದರು ನಮ್ಮವರು.

"ಕಲಿಯೋರಾದ್ರ ಒಂದು ವಾರದಾಗ ಸರಿಗಮ ಆದ್ರೂ ಬರಬೇಕಲ್ರೀ?" ಎಂದೆ. ನಮ್ಮ ಊರಿನ ಭಜನೆ ಮೇಳದಲ್ಲಿ ನನ್ನ ಕಾಕಾ ಕೊಳಲು ಊದುತ್ತಿದ್ದ. ಹಾರ್ಮೋನಿಯಂ ನಮ್ಮ ಮನೆಯಲ್ಲೇ ಇಡುತ್ತಿದ್ದರು. ಹಾಡಲು ಬಾರದಿದ್ದರೂ ಯಾವುದು ಸ, ಯಾವುದು ಪ ಎಂದು ಗುರುತಿಸುವಷ್ಟು ಕಿವಿ ನನಗಿತ್ತು. ಒಂದೇ ಸ್ವರವನ್ನು ಹೀಗೆ ದಿನಾ ಹಿಡಿದು ಬಿಡುವವರನ್ನು ಮಾತ್ರ ಎಲ್ಲೂ ಕಂಡಿರಲಿಲ್ಲ.

ಕೊನೆಗೆ ತಡೆಯಲಾರದೆ, ಬೋರ್‌ವೆಲ್ ನೀರು ಬಿಡುವ ಸಮಯ ಕೇಳುವ ನೆಪ ಮಾಡಿಕೊಂಡು ಇಳಿದು ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಮಡಿಸುವ ಕುರ್ಚಿಯ ಮೇಲೆ ಬನಿಯನ್ ತೊಟ್ಟು ಪಂಚೆ ಉಟ್ಟ ಅಜ್ಜನೊಬ್ಬರು ಕೂತಿದ್ದರು. ಬಾಯಲ್ಲಿ ಕಪ್ಪಗಿನ ಉದ್ದ ವಾದ್ಯ, ಅದರ ಮೈತುಂಬ ಬೆರಳಲ್ಲಿ ಒತ್ತುವ ಬೆಳ್ಳಿ ಬಣ್ಣದ ಸನ್ನೆಗಳು, ಪುಟ್ಟ ಕೀಲುಗಳಂಥವು. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ನೋಡಿದ್ದೆ, ಕ್ಲಾರಿನೆಟ್. ನನ್ನನ್ನು ಕಂಡು ಅವರು ಅದನ್ನು ಬಾಯಿಂದ ಎಳೆದರು. ಅದರ ಜೊತೆಗೇ ಮೇಲಿನ ಸಾಲಿನ ಹಲ್ಲೂ ಹೊರಬಂತು. ಅದು ಕೆಳಗೆ ಬೀಳುವ ಮೊದಲೇ ಎಡಗೈಯಲ್ಲಿ ಹಿಡಿದುಕೊಂಡರು, ದಿನಾ ಮಾಡುವ ಕೆಲಸದಂತೆ.

"ಇದೇ ಸರ್ಕಸ್ ದಿನಾ," ಎಂದು ಅಜ್ಜಿ ಅಡುಗೆಮನೆಯಿಂದ ನಕ್ಕರು. "ಬಾಮ್ಮ ಒಳಗೆ."

ನಾನು ನೀರಿನ ಮಾತು ಮರೆತು ನೇರವಾಗಿ ಕೇಳಿಯೇ ಬಿಟ್ಟೆ. "ನೀವು ಹೊಸದಾಗಿ ಕಲೀತಿದ್ದೀರೇನ್ರೀ?"

ಅಜ್ಜಿ ಇನ್ನೂ ಜೋರಾಗಿ ನಕ್ಕರು. "ಮೂವತ್ತೈದು ವರ್ಷ ಬ್ಯಾಂಡ್ ಸೆಟ್ಟಲ್ಲಿ ಊದಿದ್ದಾರಮ್ಮ ಇವರು. ಶಿವಾಜಿನಗರದಿಂದ ಹೊಸಕೋಟೆವರೆಗೂ ಯಾರ್ ಮನೆ ಮದುವೆ ಅಂದ್ರೂ ಇವರ ಸೆಟ್ಟೇ."

ಅಜ್ಜ ಹಲ್ಲು ಹಾಕಿಕೊಂಡು, ನಾಲಿಗೆಯಿಂದ ಒತ್ತಿ ಕೂರಿಸಿ, ಆಮೇಲೆ ಮಾತಾಡಿದರು. "ಅದು ಹಳೇ ಹಲ್ಲು ಊದಿದ್ದಮ್ಮ. ಈ ವಾದ್ಯಕ್ಕೆ ಮೇಲಿನ ಹಲ್ಲು ಗಟ್ಟಿಯಾಗಿ ಕೂರಬೇಕು. ನನ್ನ ಮುಂದಿನ ಹಲ್ಲೆಲ್ಲ ಎರಡು ವರ್ಷದಲ್ಲಿ ಬಿದ್ದೋಯ್ತು. ಈಗ ಹೊಸದು ಹಾಕಿಸ್ಕೊಂಡಿದ್ದೀನಿ. ಈ ಹೊಸ ಹಲ್ಲಿಗೆ ಏನೂ ಗೊತ್ತಿಲ್ಲ. ಅದಕ್ಕೆ ಒಂದೊಂದೇ ಸ್ವರ ಹೇಳಿಕೊಡ್ತಾ ಇದ್ದೀನಿ."

"ಮತ್ತೆ ಬ್ಯಾಂಡಿಗೆ ಹೋಗ್ತೀರಾ?"

"ಯಾವ ಬ್ಯಾಂಡು? ನಮ್ಮ ಸೆಟ್ಟೇ ಇಲ್ಲ ಈಗ. ಎಲ್ಲಾ ಕೀಬೋರ್ಡು, ದೊಡ್ಡ ಸ್ಪೀಕರ್ರು."

"ಮತ್ತೆ ಯಾಕೆ ಇಷ್ಟು ಕಷ್ಟ ಪಡ್ತೀರಿ?"

ಅವರು ವಾದ್ಯದ ತುದಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿದರು. ಇದನ್ನು ಅದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲವೋ ಏನೋ. "ನಿನ್ನೆ ನಾಲ್ಕು ಎಣಿಸೋವರೆಗೂ ನಿಲ್ತಮ್ಮ. ಇವತ್ತು ಐದು ನಿಲ್ಲುತ್ತಾ ಅಂತ ನೋಡಬೇಡ್ವಾ?"

ಆ ಉತ್ತರ ನನಗೆ ತುಂಬ ಹಿಡಿಸಿತು. ಏಕೆ ಹಿಡಿಸಿತೆಂದು ಆಗ ಹೇಳಲಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾವುದನ್ನು ಮಾಡಿದರೂ ಏನಕ್ಕಾದರೂ ಮಾಡುತ್ತಿದ್ದೆವು. ನಾನು ಪಿಯುಸಿ ಓದಿದ್ದು ಕೆಲಸ ಸಿಗಲಿ ಎಂದು, ಟೈಪಿಂಗ್ ಕಲಿತದ್ದು ಬಡ್ತಿ ಬರಲಿ ಎಂದು, ಹೊಲಿಗೆ ಕಲಿತದ್ದು ಅತ್ತೆ ಮೆಚ್ಚಲಿ ಎಂದು. ಏನಾಗುತ್ತದೆಂದು ನೋಡುವುದಕ್ಕೇ ಒಂದು ಕೆಲಸ ಮಾಡಬಹುದು ಎಂಬುದು ನನಗೆ ಹೊಸದಾಗಿತ್ತು.

ಮರುದಿನದಿಂದ ಲ್ಯಾಬ್ ಮುಗಿಸಿ ಬಂದವಳು ಕೆಳಗೇ ಮೊದಲು ಇಣುಕುವುದು ರೂಢಿಯಾಯಿತು. ಅಜ್ಜ ವಾದ್ಯ ಬಿಚ್ಚಿ ಒರೆಸುವುದನ್ನು ನೋಡುತ್ತಿದ್ದೆ. ಐದು ತುಂಡು, ನಡುನಡುವೆ ಕಾರ್ಕು, ತೂತುಗಳ ಮೇಲೆ ಮುಚ್ಚಳಗಳು, ಒಂದನ್ನು ಒತ್ತಿದರೆ ಅಷ್ಟು ದೂರದಲ್ಲಿ ಇನ್ನೊಂದು ಏಳುತ್ತದೆ. ತುದಿಯಲ್ಲಿ ಕಟ್ಟುವ ರೀಡ್ ಎಂಬುದು ಬರೀ ಒಂದು ದಬ್ಬೆಯ ಚೂರು, ಉಗುರಿನಷ್ಟು ತೆಳು. ಒಂದು ದಿನ ಒರೆಸಲು ನನ್ನ ಕೈಗೆ ಕೊಟ್ಟರು. ನಾನು ಸನ್ನೆಗಳನ್ನು ಮುಟ್ಟದೆ, ಮರದ ಭಾಗವನ್ನಷ್ಟೇ ಹಿಡಿದು ಬಿಚ್ಚಿದೆ. ಲ್ಯಾಬಿನಲ್ಲಿ ಗಾಜು, ಲೆನ್ಸು ಹಿಡಿದ ಅಭ್ಯಾಸ.

"ಎಲ್ಲಿ ಹಿಡೀಬೇಕು ಅಂತ ನಿಂಗೆ ಹೇಳಿಕೊಡಬೇಕಾಗಿಲ್ಲ," ಎಂದ ಅಜ್ಜ ಮಂಚದ ಕೆಳಗಿನಿಂದ ಇನ್ನೊಂದು ಪೆಟ್ಟಿಗೆ ಎಳೆದರು. ಅದರಲ್ಲಿ ಹಳೆಯ ಕ್ಲಾರಿನೆಟ್ ಇತ್ತು. ಒಂದು ಸ್ಪ್ರಿಂಗ್ ಮುರಿದು, ಅದರ ಬದಲು ರಬ್ಬರ್ ಬ್ಯಾಂಡ್ ಸುತ್ತಿದ್ದರು. "ಊದಿ ನೋಡು."

ಊದಿದೆ. ಏನೂ ಬರಲಿಲ್ಲ. ಬರೀ ಗಾಳಿ. ಜೋರಾಗಿ ಊದಿದೆ, ಆಗಲೂ ಗಾಳಿ. ಕೆಳತುಟಿಯನ್ನು ಹಲ್ಲಿನ ಮೇಲೆ ಮಡಚು, ಮೇಲಿನ ಹಲ್ಲು ಊರು, ಕೆನ್ನೆ ಉಬ್ಬಿಸಬೇಡ ಎಂದರು. ಆಗ ಒಂದು ಕೀರಲು ಸದ್ದು ಹೊರಟಿತು. ಬೀದಿಯ ನಾಯಿ ಬೊಗಳಿತು, ಅಜ್ಜಿ ಪಾತ್ರೆ ಕೆಳಗಿಟ್ಟು ಕಿವಿ ಮುಚ್ಚಿದರು. ಮೂರು ದಿನ ಹೀಗೇ. ಗಾಳಿ ಅಥವಾ ಕೀರಲು, ನಡುವೆ ಏನೂ ಇಲ್ಲ. ನಾಲ್ಕನೆಯ ದಿನ, ಸಾಕಾಗಿ, ಹೆಚ್ಚು ಒತ್ತಡ ಹಾಕದೆ ಸುಮ್ಮನೆ ಉಸಿರು ಬಿಟ್ಟೆ. ಥಟ್ಟನೆ ಒಂದು ಸ್ವರ ಹುಟ್ಟಿತು.

ಕಿವಿಗಿಂತ ಮೊದಲು ಅದು ಹಲ್ಲಿಗೆ ಕೇಳಿಸಿತು. ಮೇಲಿನ ಹಲ್ಲಿನಿಂದ ಮೂಗಿನ ಮೂಳೆಗೆ ಏರಿ, ಹಣೆಯೊಳಗೆ ಗುಂಯ್‌ಗುಟ್ಟಿತು. ಬೆರಳುಗಳ ಕೆಳಗೆ ಮರ ನಡುಗುತ್ತಿತ್ತು. ಬೆಕ್ಕನ್ನು ಎತ್ತಿಕೊಂಡಾಗ ಅದರ ಹೊಟ್ಟೆ ಗುರುಗುಟ್ಟುವುದು ಕೈಗೆ ತಿಳಿಯುತ್ತದಲ್ಲ, ಹಾಗೆ. ನಾನು ಬೆದರಿ ಬಾಯಿ ತೆಗೆದೆ.

"ಯಾಕ್ ನಿಲ್ಲಿಸ್ದೆ?"

"ಒಳಗೆ ಏನೋ ಆಯ್ತು."

"ಅದೇ ಆಗ್ಬೇಕು," ಎಂದರು ಅಜ್ಜ. "ಹೊರಗಿರೋರಿಗೆ ಅದು ಗೊತ್ತಾಗಲ್ಲ. ಊದೋರಿಗೆ ಮಾತ್ರ. ನನ್ನ ಈ ಹೊಸ ಹಲ್ಲಲ್ಲಿ ಅದು ಅರ್ಧಾನೇ ಬರೋದು."

ಆ ಹಳೆಯ ವಾದ್ಯವನ್ನು ಮೇಲಕ್ಕೆ ತಂದೆ. ಸಂಜೆ ಅಡುಗೆಮನೆಯಲ್ಲಿ ನಿಂತು ಊದಿಕೊಳ್ಳುತ್ತಿದ್ದೆ. ಪಕ್ಕದ ಮನೆಯಾಕೆ, ನಿಮ್ಮ ಮನೆಯವರು ಬ್ಯಾಂಡ್ ಕಲೀತಿದ್ದಾರಾ ಎಂದು ಕೇಳಿದರು. ಊದುತ್ತಿರುವುದು ಹೆಂಗಸು ಎಂದು ಅವರಿಗೆ ಹೊಳೆದೇ ಇರಲಿಲ್ಲ. ನಮ್ಮವರು ಮೊದಲು ನಕ್ಕರು, ಆಮೇಲೆ ಸ್ವಲ್ಪ ಬೇಸರಪಟ್ಟರು. ಅವರ ಬೇಸರಕ್ಕೆ ಕಾರಣವಿತ್ತು. ದಿನವಿಡೀ ಕಬ್ಬಿಣ ಕೊರೆಯುವ ಸದ್ದು ಕೇಳಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದವರಿಗೆ ಮನೆಯಲ್ಲೂ ಕೀರಲು.

"ಇದನ್ನ ಕಲ್ತು ಏನ್ ಮಾಡ್ತೀ ನೀ? ಮದುವಿ ಮೆರವಣಿಗ್ಯಾಗ ಹೋಗಾಕಿಯೇನು?"

"ಇಲ್ರೀ."

"ಮತ್ತ? ಪರೀಕ್ಷಾ ಏನಾರ ಐತೇನು?"

"ಅದೂ ಇಲ್ಲ."

"ಮತ್ಯಾಕ?"

ನಾನು ಅಜ್ಜನ ಮಾತನ್ನು ಹೇಳಲು ಹೋದೆ. ಅದು ನನ್ನ ಬಾಯಲ್ಲಿ ಸರಿಯಾಗಿ ಬರಲಿಲ್ಲ. "ಸುಮ್ನ," ಎಂದೆ. ಅವರು ತಲೆಯಾಡಿಸಿ, ಹತ್ತಿಯ ಉಂಡೆ ಮಾಡಿ ಕಿವಿಗಿಟ್ಟುಕೊಂಡು ಪೇಪರ್ ಓದಲು ಕೂತರು. ಬೇಡ ಎಂದು ಮಾತ್ರ ಅನ್ನಲಿಲ್ಲ.

ಎರಡು ತಿಂಗಳಲ್ಲಿ ಕೆಳಗಿನ ಏಳೆಂಟು ಸ್ವರಗಳು ಬಂದವು. ಆಗ ಅಜ್ಜ ವಾದ್ಯದ ಬೆನ್ನಿನಲ್ಲಿರುವ ಒಂದು ಸಣ್ಣ ಸನ್ನೆಯನ್ನು ತೋರಿಸಿದರು. "ಎಡಗೈ ಹೆಬ್ಬೆರಳಲ್ಲಿ ಇದನ್ನ ಒತ್ತಿದ್ರೆ ಮೇಲಿನ ಸ್ವರ ಬರುತ್ತೆ. ಬೇರೆ ಬೆರಳು ಹಾಗೇ ಇರಲಿ."

ಕಾಕಾನ ಕೊಳಲು ನನಗೆ ಗೊತ್ತಿತ್ತು. ಬೆರಳು ಬದಲಾಯಿಸದೆ ಸ್ವಲ್ಪ ಬಿಗಿಯಾಗಿ ಊದಿದರೆ ಕೆಳಗಿನ ಸ ಮೇಲಿನ ಸ ಆಗುತ್ತದೆ. ಇದೂ ಹಾಗೇ ಇರಬೇಕು ಎಂದುಕೊಂಡು ಸ ಹಿಡಿದು ಹೆಬ್ಬೆರಳು ಒತ್ತಿದೆ. ಬಂದದ್ದು ಸ ಅಲ್ಲ. ಮೇಲಿನ ಸ ದಾಟಿ, ಅದರಾಚೆಯ ಪ. ತಪ್ಪಿರಬೇಕೆಂದು ಮತ್ತೆ ಊದಿದೆ, ಆಗಲೂ ಪ. ರಿ ಹಿಡಿದು ಒತ್ತಿದೆ, ಆಚೆಯ ಧ ಬಂತು.

"ಇದೇನ್ರೀ, ಸ ಒತ್ತಿದ್ರೆ ಪ ಬರುತ್ತೆ?"

"ಕ್ಲಾರಿನೆಟ್ಟೇ ಹಾಗಮ್ಮ."

"ಯಾಕೆ ಹಾಗೆ? ಕೊಳಲು ಹಾಗಿಲ್ಲವಲ್ಲ?"

ಅಜ್ಜ ಹೆಬ್ಬೆರಳ ಸನ್ನೆಯನ್ನು ಒಮ್ಮೆ ಒತ್ತಿ ಬಿಟ್ಟರು. "ನಮ್ಮ ಮೇಷ್ಟ್ರು ಹಾಗೇ ಹೇಳಿಕೊಟ್ರು. ನಾನು ಕೇಳಲಿಲ್ಲ," ಎಂದರು. ಸ್ವಲ್ಪ ಹೊತ್ತಾದ ಮೇಲೆ ತಾವೇ, "ಹೌದಲ್ಲ, ಯಾಕಿರಬಹುದು?" ಎಂದರು.

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ. ತೂತು ಅಷ್ಟೇ, ಬೆರಳು ಅಷ್ಟೇ, ಉಸಿರು ನನ್ನದೇ. ಒಂದು ಕೊಳವೆ ಸ ದಿಂದ ಸ ಗೆ ಹಾರಿದರೆ, ಇನ್ನೊಂದು ಕೊಳವೆ ಅದನ್ನು ಜಿಗಿದು ಪ ಗೆ ಯಾಕೆ ಹಾರಬೇಕು? ನಮ್ಮವರನ್ನು ಕೇಳಿದೆ. ಕಿವಿಯ ಹತ್ತಿ ತೆಗೆದು ಕೇಳಿಸಿಕೊಂಡರು. "ಒಳಗಿನ ಬೋರ್, ಅಂದ್ರ ತೂತಿನ ಅಗಲ, ಒಂದೇ ಸಮ ಇರಾಕಿಲ್ಲ, ನೋಡು," ಎಂದು ಮರುದಿನ ವರ್ಕ್‌ಶಾಪಿನಿಂದ ಅಳತೆಯ ಕ್ಯಾಲಿಪರ್ ತಂದು ಕೊಳವೆಯನ್ನು ಅಳೆದರು. ಹೆಚ್ಚುಕಡಿಮೆ ಒಂದೇ ಸಮ ಇತ್ತು. ಅವರ ಊಹೆ ಬಿತ್ತು. ಆದರೆ ಅಂದಿನಿಂದ ಹತ್ತಿ ಇಡುವುದನ್ನು ಬಿಟ್ಟರು.

ಉತ್ತರ ಸಿಕ್ಕಿದ್ದು ನಾನು ದಿನಾ ಧೂಳು ಒರೆಸುವ ಜಾಗದಲ್ಲೇ. ಲ್ಯಾಬಿನಲ್ಲಿ ಶಬ್ದದ ಪ್ರಯೋಗಕ್ಕೆಂದು ಗಾಜಿನ ಉದ್ದ ಕೊಳವೆಗಳಿದ್ದವು. ಅವುಗಳನ್ನು ತೊಳೆದು, ಒರೆಸಿ, ಮೇಜಿನ ಮೇಲೆ ಇಡುವುದು ನನ್ನ ಕೆಲಸ. ಪ್ರಯೋಗ ಮಾಡುವುದು ಮಕ್ಕಳ ಕೆಲಸ. ಒಂದು ಮಧ್ಯಾಹ್ನ ತರಗತಿ ಮುಗಿದ ಮೇಲೆ ಫಿಸಿಕ್ಸ್ ಮೇಡಂ ಒಬ್ಬರೇ ಇದ್ದರು. ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಹಿಂಜರಿಯುತ್ತಲೇ ಕೇಳಿದೆ.

ಮೇಡಂ ಪೆನ್ನು ಕೆಳಗಿಟ್ಟರು. "ನೀನು ಕ್ಲಾರಿನೆಟ್ ಊದ್ತೀಯಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಸಪೂರವಾದ ಒಂದು ಗಾಜಿನ ಕೊಳವೆ ಎತ್ತಿ ನನ್ನ ಕೈಗೆ ಕೊಟ್ಟರು. "ಮೇಲಿನ ಬಾಯಿಗೆ ಅಡ್ಡವಾಗಿ ಊದು, ಸೀಸೆ ಊದ್ತಾರಲ್ಲ ಹಾಗೆ. ಕೆಳಗಿನ ಬಾಯಿ ತೆರೆದಿರಲಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ."

ಮೆಲ್ಲಗೆ ಊದಿದಾಗ ಒಂದು ಸ್ವರ. ಜೋರಾಗಿ ಊದಿದಾಗ ಅದೇ ಸ್ವರದ ಮೇಲಿನ ಸ್ಥಾಯಿ, ಕಾಕಾನ ಕೊಳಲಿನ ಹಾಗೆ.

"ಈಗ ಕೆಳಗಿನ ಬಾಯಿ ಅಂಗೈಯಲ್ಲಿ ಮುಚ್ಕೊಂಡು ಅದೇ ಥರ ಊದು."

ಮೆಲ್ಲಗೆ ಊದಿದೆ. ಇನ್ನೂ ದಪ್ಪನೆಯ ಸ್ವರ ಬಂತು. ಅದನ್ನೇ ಸ ಎಂದು ಹಿಡಿದುಕೊಂಡು ಜೋರಾಗಿ ಊದಿದೆ. ಪ. ಆಚೆಯ ಪ. ಕೊಳವೆ ಜಾರದಂತೆ ಎದೆಗೆ ಅವುಚಿಕೊಂಡೆ.

"ಎರಡೂ ಕಡೆ ತೆರೆದಿದ್ರೆ ಕಂಪನದ ಮೊದಲ ನೆಗೆತ ಎರಡು ಪಟ್ಟಿಗೆ. ಎರಡು ಪಟ್ಟು ಅಂದ್ರೆ ಮೇಲಿನ ಸ," ಎಂದರು ಮೇಡಂ. "ಒಂದು ಕಡೆ ಮುಚ್ಚಿದ್ರೆ ಆ ಎರಡು ಪಟ್ಟು ಹುಟ್ಟೋದೇ ಇಲ್ಲ. ಸೀದಾ ಮೂರು ಪಟ್ಟಿಗೆ ಹೋಗುತ್ತೆ. ಅದು ಪ. ಕ್ಲಾರಿನೆಟ್ಟಲ್ಲಿ ನಿನ್ನ ಬಾಯಿ ಇರೋ ತುದಿ ಮುಚ್ಚಿದ ಹಾಗೆ ಲೆಕ್ಕ. ಕೊಳಲಲ್ಲಿ ಊದೋ ತೂತು ತೆರೆದೇ ಇರುತ್ತೆ ನೋಡು."

ಎರಡು ವರ್ಷದಿಂದ ಆ ಕೊಳವೆಗಳನ್ನು ತೊಳೆದಿದ್ದೆ. ಒಮ್ಮೆಯೂ ಊದಿ ನೋಡಿರಲಿಲ್ಲ.

ಮೇಡಂ ಅವರ ಒಪ್ಪಿಗೆ ಪಡೆದು ಒಂದು ಶನಿವಾರ ಅಜ್ಜನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಬೇಡವೆಂದರೂ ಕೇಳಲಿಲ್ಲ. ಕೊಳವೆ ಊದಿ ತೋರಿಸಿದೆ. ತೆರೆದ ಬಾಯಿ, ಮುಚ್ಚಿದ ಬಾಯಿ. ಆಮೇಲೆ ಅವರೇ ತೆಗೆದುಕೊಂಡು, ಅಂಗೈ ಮುಚ್ಚಿ, ತೆಗೆದು, ಹತ್ತು ಸಲ ಊದಿದರು. ಇದಕ್ಕೆ ಹಲ್ಲು ಬೇಕಾಗಿರಲಿಲ್ಲ, ಹಾಗಾಗಿ ಅವರ ಸ್ವರ ನನ್ನದಕ್ಕಿಂತ ಎಷ್ಟೋ ಚೆನ್ನಾಗಿ ನಿಂತಿತು. ಕೊನೆಗೆ ಅವರು ಕೊಳವೆ ಮೇಜಿನ ಮೇಲಿಟ್ಟು ನಗತೊಡಗಿದರು.

"ಮೂವತ್ತೈದು ವರ್ಷ ಬಾಯಲ್ಲೇ ಇಟ್ಕೊಂಡಿದ್ದೆ ಕಣಮ್ಮಾ. ಬಾಯಿ ಮುಚ್ಚಿರೋದಕ್ಕೆ ಹೀಗೆ ಅಂತ ಈಗ ಗೊತ್ತಾಯ್ತು!"

ಮನೆಗೆ ಬರುವ ದಾರಿಯಲ್ಲೆಲ್ಲ ಅದನ್ನೇ ಹೇಳುತ್ತಿದ್ದರು. ರಾತ್ರಿ ಊಟಕ್ಕೆ ಮೊದಲು ಅಜ್ಜಿಗೂ ಹೇಳಿರಬೇಕು. ಕೆಳಗಿನಿಂದ ಖಾಲಿ ಸೀಸೆ ಊದುವ ಸದ್ದು ಬಂತು.

ಇಷ್ಟು ಚೆನ್ನಾಗಿ ಹೋಗುತ್ತಿದ್ದದ್ದು ಎರಡು ವರ್ಷದ ನಂತರ ಒಂದು ದಿನ ನಿಂತುಹೋಯಿತು. ತಪ್ಪು ಯಾರದೂ ಅಲ್ಲ. ನಾನು ಊದುವ ಸುದ್ದಿ ಕಾಲೇಜಿನಲ್ಲಿ ಹಬ್ಬಿ, ವಾರ್ಷಿಕೋತ್ಸವದಲ್ಲಿ ನುಡಿಸಬೇಕು ಎಂದು ಪ್ರಿನ್ಸಿಪಾಲರು ಪ್ರೀತಿಯಿಂದ ಕೇಳಿದರು. ಆ ಪ್ರೀತಿಗೆ ಉಬ್ಬಿ ಒಪ್ಪಿದೆ. ಒಂದು ದೇವರನಾಮ ಆರಿಸಿಕೊಂಡೆ. ಎರಡು ತಿಂಗಳು ಅದೊಂದನ್ನೇ ಊದಿದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಕಾಗದದ ಮೇಲೆ ಗೀಟು ಹಾಕಿಕೊಂಡೆ. ಒಂದು ಜಾಗದಲ್ಲಿ ಕೀರಲು ಬರುವ ಭಯವಿತ್ತು. ಅದನ್ನೇ ದಿನಕ್ಕೆ ಐವತ್ತು ಸಲ ಮಾಡಿದೆ. ಹೊಸದೇನಾದರೂ ಊದಿ ನೋಡೋಣ ಎನಿಸಿದರೆ, ಈಗ ಬೇಡ, ಆ ದಿನ ಮುಗಿಯಲಿ ಎನ್ನುತ್ತಿದ್ದೆ.

ಆ ದಿನ ಬಂತು. ರೇಷ್ಮೆ ಸೀರೆಯುಟ್ಟು ವೇದಿಕೆಗೆ ಹೋದೆ. ಒಂದು ಸ್ವರವೂ ತಪ್ಪಲಿಲ್ಲ. ಜೋರು ಚಪ್ಪಾಳೆ ಬಿತ್ತು, ಮಕ್ಕಳು ಶಿಳ್ಳೆ ಹಾಕಿದರು, ಮೇಡಂ ಬಂದು ತಬ್ಬಿಕೊಂಡರು. ನಮ್ಮವರು ಕೊನೆಯ ಸಾಲಿನಲ್ಲಿ ಎದ್ದು ನಿಂತಿದ್ದರು. ನಾನು ಮಾತ್ರ ವೇದಿಕೆಯಿಂದ ಇಳಿಯುವಾಗ ಅಂದುಕೊಂಡದ್ದು, ಸದ್ಯ ಮುಗಿಯಿತು ಎಂದು. ಆ ಐದು ನಿಮಿಷದಲ್ಲಿ ನನ್ನ ಹಲ್ಲಿಗೆ ಏನಾದರೂ ಕೇಳಿಸಿತ್ತೇ ಎಂದು ಮನೆಗೆ ಬಂದ ಮೇಲೆ ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಮಾರನೆಯ ದಿನ ಪೆಟ್ಟಿಗೆ ತೆರೆಯಲಿಲ್ಲ. ಸುಸ್ತು ಎಂದುಕೊಂಡೆ. ವಾರವಾಯಿತು, ತಿಂಗಳಾಯಿತು. ಚೆನ್ನಾಗಿ ನುಡಿಸಿದ ಮೇಲೆ ಉತ್ಸಾಹ ಹೆಚ್ಚಬೇಕಲ್ಲ, ನನಗೇಕೆ ಹೀಗಾಯಿತು ಎಂಬುದು ತಿಳಿಯಲಿಲ್ಲ. ಕೆಳಗೆ ಹೋಗಲು ನಾಚಿಕೆಯಾಗಿ, ಮೆಟ್ಟಿಲಿಳಿಯುವಾಗ ಸದ್ದಾಗದಂತೆ ಇಳಿಯುತ್ತಿದ್ದೆ. ಆ ಹೊತ್ತಿಗೆ ಅಜ್ಜನ ಹೊಸ ಹಲ್ಲು ಆರು ಸ್ವರ ಕಲಿತಿತ್ತು. ದಿನಾ ಸಂಜೆ ಅವು ಕೇಳಿಸುತ್ತಿದ್ದವು.

ಕೊನೆಗೆ ಅಜ್ಜಿಯೇ ಮೇಲೆ ಬಂದು ಕರೆದೊಯ್ದರು. ಅಜ್ಜ ಬೈಯಲಿಲ್ಲ. ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. ನಾನೇ ಹೇಳಿದೆ, ತಪ್ಪಿಲ್ಲದೆ ನುಡಿಸಿದೆ, ಆದರೆ ಅದರಲ್ಲಿ ಏನೂ ಸಿಗಲಿಲ್ಲ, ಈಗ ಮುಟ್ಟಲೂ ಮನಸ್ಸಿಲ್ಲ ಎಂದು.

"ನಾನು ಮೂವತ್ತೈದು ವರ್ಷ ಅದೇ ಆರು ಹಾಡು ಊದಿದ್ದೀನಿ," ಎಂದರು ಅಜ್ಜ. "ಹುಡುಗಿ ಬರುವಾಗ ಒಂದು, ಹುಡುಗ ಬರುವಾಗ ಒಂದು. ಜನಕ್ಕೆ ಅದೇ ಬೇಕು. ಮೊದಲ ಎರಡು ವರ್ಷದಲ್ಲೇ ಸಾಕಾಗೋಯ್ತು ನಂಗೆ."

"ಮತ್ತೆ ಹೆಂಗೆ ಊದಿದ್ರಿ?"

"ಪ್ರತಿ ಮದುವೇಲೂ ಒಂದು ಜಾಗ, ಒಂದೇ ಒಂದು, ಬೇರೆ ಥರ ಮಾಡಿ ನೋಡ್ತಿದ್ದೆ. ಇಳಿಯೋ ಕಡೆ ಹತ್ತಿದ್ರೆ ಹೆಂಗಿರುತ್ತೆ? ಇಲ್ಲಿ ಸ್ವಲ್ಪ ತಡವಾಗಿ ಬಂದ್ರೆ? ಡ್ರಮ್ ಹೊಡೆಯೋನಿಗೂ ಗೊತ್ತಾಗ್ತಿರಲಿಲ್ಲ. ಬೆಳಿಗ್ಗೆ ಯೂನಿಫಾರಂ ಹಾಕ್ಕೊಳ್ಳುವಾಗ, ಇವತ್ತು ಯಾವ ಜಾಗ ಅಂತ ಯೋಚನೆ. ಸಂಬಳ ಬೇರೆ, ಅದು ಬೇರೆ."

ನನ್ನನ್ನು ಕರೆಯಲು ಬಂದ ನಮ್ಮವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರು ಕೇಳಿದ್ದು ಬೇರೆಯೇ. "ಮೆರವಣಿಗಿ ಎಷ್ಟು ದೂರ ಕೇಳ್ತಿತ್ರೀ? ಎಲ್ಲಾ ಸ್ವರಾನೂ ಒಂದೇ ಸಮ ದೂರ ಹೋಗ್ತಾವೇನು?"

ಅಜ್ಜ ತಿರುಗಿ ನೋಡಿದರು. "ಗೊತ್ತಿಲ್ಲಪ್ಪ. ನಾವು ಊದೋರು. ದೂರದಲ್ಲಿ ನಿಂತು ಕೇಳಿದವರು ಯಾರೂ ಬಂದು ಹೇಳಲಿಲ್ಲ."

"ನೋಡೇ ಬಿಡೋಣಲ್ಲ," ಎಂದರು ನಮ್ಮವರು. ಅವರಿಗೆ ಅಳತೆಯೆಂದರೆ ಆಸೆ. "ನಡುವ ಏನೂ ಅಡ್ಡ ಇರಬಾರದು. ಹಲಸೂರು ಕೆರಿಗೆ ಹೋಗೋಣು."

ಆ ಭಾನುವಾರ ಬೆಳಗ್ಗೆ, ಬಸ್ಸುಗಳ ಗಲಾಟೆ ಶುರುವಾಗುವ ಮೊದಲೇ ಕೆರೆಯ ಬಳಿ ಇದ್ದೆವು. ಅಜ್ಜ, ನಾನು, ಎರಡು ಪೆಟ್ಟಿಗೆ. ನಮ್ಮವರು ಸೈಕಲ್ಲಿನಲ್ಲಿ ಆಚೆ ದಡಕ್ಕೆ ಹೋದರು. ಒಪ್ಪಂದ ಹೀಗಿತ್ತು: ನಾನು ಒಂದೊಂದೇ ಸ್ವರ ಊದಿ ನಿಲ್ಲಿಸಬೇಕು, ಕೇಳಿಸಿದರೆ ಅವರು ಕೆಂಪು ಟವೆಲ್ ಬೀಸಬೇಕು. ನೀರಿನ ಮೇಲೆ ತೆಳ್ಳಗೆ ಮಂಜಿತ್ತು. ಆಚೆ ದಡದಲ್ಲಿ ಅವರು ಬೆರಳುದ್ದ ಕಾಣುತ್ತಿದ್ದರು.

ಎಲ್ಲಕ್ಕಿಂತ ಕೆಳಗಿನ ಸ್ವರ ಊದಿದೆ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಸ್ವರ, ಮೈಯೆಲ್ಲ ತುಂಬುವಂಥದ್ದು. ಟವೆಲ್ ಏಳಲಿಲ್ಲ. ಮತ್ತೆ ಊದಿದೆ. ಅವರು ಕೈಯನ್ನು ಕಿವಿಗೆ ಹಿಡಿದು ನಿಂತೇ ಇದ್ದರು. ಹೆಬ್ಬೆರಳ ಸನ್ನೆ ಒತ್ತಿ ಮೇಲಿನ ಸ್ವರ ಊದಿದೆ. ಥಟ್ಟನೆ ಕೆಂಪು ಟವೆಲ್ ಎದ್ದು ಬೀಸಿತು. ಇನ್ನೂ ಮೇಲಿನದು ಊದಿದೆ. ಟವೆಲ್ ಎರಡೂ ಕೈಯಲ್ಲಿ ಬೀಸಿತು.

"ಅಡಾಡಾ!" ಎಂದರು ಅಜ್ಜ. "ನಮಗೆ ದೊಡ್ಡದಾಗಿ ಕೇಳಿಸಿದ್ದು ಅಲ್ಲಿಗೆ ಹೋಗ್ತಾನೇ ಇಲ್ಲ!"

ಆಮೇಲೆ ಎಷ್ಟು ಹೊತ್ತು ಊದಿದೆನೋ ತಿಳಿಯದು. ಮೆಲ್ಲಗೆ ಊದಿದರೆ? ಗಂಟೆಯಂಥ ತುದಿಯನ್ನು ನೀರಿನ ಕಡೆ ಬಾಗಿಸಿದರೆ? ಬೆನ್ನು ತಿರುಗಿಸಿ ನಿಂತರೆ? ಕೊನೆಗೆ ಅಜ್ಜನೂ ತಮ್ಮದನ್ನು ಜೋಡಿಸಿ ಆರು ಸ್ವರಗಳನ್ನು ಒಂದೊಂದಾಗಿ ಊದಿದರು. ಅವರು ಊದಿದ ಐದನೆಯದಕ್ಕೆ ಟವೆಲ್ ಎದ್ದಾಗ ಆ ಮುಖ ನೋಡಬೇಕಿತ್ತು. ವಾಕಿಂಗ್ ಬಂದವರು ನಿಂತು ನೋಡಿದರು. ಮಿಲಿಟರಿ ಕ್ರಾಪಿನ ಒಬ್ಬರು, "ಹಾಡು ಏನಾದ್ರೂ ಬಾರಿಸಿ ಸರ್," ಎಂದರು. "ಹಾಡಲ್ಲ ಇದು, ಪರೀಕ್ಷೆ," ಎಂದರು ಅಜ್ಜ ಗಂಭೀರವಾಗಿ.

ನಮ್ಮವರು ಸೈಕಲ್ ತುಳಿದು ಏದುಸಿರು ಬಿಡುತ್ತ ಬಂದರು. "ಆ ತೀರಾ ಕೆಳಗಿನವು ಕೇಳಲೇ ಇಲ್ಲ. ಮ್ಯಾಲಿನದು ಹೆಂಗ ಕೇಳಿತಂದ್ರ, ಬಾಜೂಕ ನಿಂತು ಊದಿದಂಗ. ಇನ್ನೊಮ್ಮಿ ಮಾಡ್ತೀಯೇನು? ಈ ಸರ್ತಿ ನಾ ಗಿಡದ ಹಿಂದ ನಿಲ್ತೀನಿ."

ಅಂದು ಮನೆಗೆ ಬಂದವಳು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಲಿಲ್ಲ. ಸಂಜೆ ಮತ್ತೆ ತೆರೆದೆ. ಯಾವ ಹಾಡೂ ಊದಲಿಲ್ಲ. ಅತಿ ಮೆಲ್ಲಗೆ ಊದಿದರೂ ಸ್ವರ ಮುರಿಯದ ಕೊನೆಯ ಅಂಚು ಎಲ್ಲಿದೆ ಎಂದು ಹುಡುಕುತ್ತ ಒಂದು ಗಂಟೆ ಕಳೆದೆ. ಅದು ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು.

ಹೊಸ ಶತಮಾನ ಬಂದ ಮೇಲೆ ನಮಗೆ ಮಗಳು ಹುಟ್ಟಿದಳು. ಒಂದು ವರ್ಷ ವಾದ್ಯ ಮುಟ್ಟಲಾಗಲಿಲ್ಲ. ಆದರೆ ಈ ಸಲ ಬೇಸರವಿರಲಿಲ್ಲ, ಸಮಯವಿರಲಿಲ್ಲ ಅಷ್ಟೇ. ಆಮೇಲೆ ನಾವು ಕೆ.ಆರ್. ಪುರದ ಹತ್ತಿರ ಮನೆ ಬದಲಾಯಿಸಿದೆವು. ಅಜ್ಜ, ಅಜ್ಜಿ ಸೇಲಂನಲ್ಲಿದ್ದ ಮಗಳ ಮನೆಗೆ ಹೋದರು. ಹೊರಡುವಾಗ ಅಜ್ಜ ಎಂಟನೆಯ ಸ್ವರದವರೆಗೆ ಬಂದಿದ್ದರು. ಮೇಲಿನ ಸ್ಥಾಯಿ ಅವರಿಗೆ ಮತ್ತೆ ಒಲಿಯಲಿಲ್ಲ. ರಬ್ಬರ್ ಬ್ಯಾಂಡಿನ ವಾದ್ಯವನ್ನು ಹಿಂದಿರುಗಿಸಲು ಹೋದರೆ, "ಅದಕ್ಕೆ ಸ್ಪ್ರಿಂಗ್ ಹಾಕಿಸು ಮೊದಲು," ಎಂದು ಬೈದು ಕಳಿಸಿದರು. ಸ್ಪ್ರಿಂಗನ್ನು ನಮ್ಮವರೇ ವರ್ಕ್‌ಶಾಪಿನಲ್ಲಿ ಮಾಡಿ ಹಾಕಿದರು. ನಾಲ್ಕೈದು ವರ್ಷ ಫೋನಿನಲ್ಲಿ ಮಾತಾಡುತ್ತಿದ್ದೆವು. ಯೋಗಕ್ಷೇಮ ಎರಡು ಮಾತು, ಉಳಿದದ್ದೆಲ್ಲ ರೀಡಿನ ವಿಷಯ. ಒಮ್ಮೆ ಅಜ್ಜಿ ಒಬ್ಬರೇ ಮಾತಾಡಿದರು. ಅಜ್ಜ ಹೋಗಿ ಹದಿನೈದು ದಿನವಾಗಿತ್ತು. ಹೋಗುವ ಹಿಂದಿನ ಸಂಜೆಯೂ ಊದಿದ್ದರಂತೆ. ಆ ದಿನ ಅಡುಗೆಮನೆಯ ನೆಲದ ಮೇಲೆ ಕೂತು ತುಂಬ ಹೊತ್ತು ಅತ್ತೆ.

ನಾನು ಮತ್ತೆ ವೇದಿಕೆ ಹತ್ತಲಿಲ್ಲ. ಹತ್ತಬಾರದು ಎಂಬ ಹಟವಿಲ್ಲ, ಕರೆದಾಗಲೆಲ್ಲ ಬೇರೆ ಏನನ್ನೋ ಹುಡುಕುತ್ತಿರುತ್ತೇನೆ. ಈಗ ಹುಡುಕುತ್ತಿರುವುದು ಕ್ಲಾರಿನೆಟ್ಟಿನ ನಡುವೆ ಇರುವ ಒಂದು ಸ್ವರವನ್ನು. ಕೆಳಗಿನವು ದಪ್ಪ, ಮೇಲಿನವು ಹೊಳಪು. ಆ ಎರಡು ಸೇರುವ ಜಾಗದಲ್ಲಿ ಇದೊಂದು ಮಾತ್ರ ಶೀತವಾದವರ ದನಿಯಂತೆ ಮಂಕಾಗಿ ಬರುತ್ತದೆ. ಮುಚ್ಚಳಗಳ ಅಡಿಯ ಪ್ಯಾಡ್ ಬದಲಾಯಿಸಿದೆ, ರೀಡ್ ಹೆರೆದೆ, ಬಲಗೈಯ ಎರಡು ಬೆರಳಿಂದ ಕೆಳಗಿನ ತೂತುಗಳನ್ನು ಸುಮ್ಮನೆ ಮುಚ್ಚಿ ನೋಡಿದೆ. ಹಾಗೆ ಮುಚ್ಚಿದಾಗ ಸ್ವಲ್ಪ ತಿಳಿಯಾಗುತ್ತದೆ. ಆ ಬೆರಳಿಗೂ ಈ ಸ್ವರಕ್ಕೂ ಏನು ಸಂಬಂಧವೋ ಗೊತ್ತಿಲ್ಲ. ನಾಳೆ ಮೂರನೆಯ ಬೆರಳಿಂದಲೂ ಮುಚ್ಚಿ ನೋಡಬೇಕು.